ಕುಕ್ಕರಹಳ್ಳಿ ಕೆರೆಯ ಜೊಂಡು ಉಳಿಯಲಿ

ಮಾನ್ಯರೇ,

ಮೈಸೂರಿನ ಕುಕ್ಕರಹಳ್ಳಿ ಕೆರೆ 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ನಿರ್ಮಾಣವಾದದ್ದು. ಇಲ್ಲಿನ ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ. ವಾಯುವಿಹಾರಕ್ಕೆ ಬರುವ ನಮ್ಮಲ್ಲೇ ಕೆಲವರು ಅಂಚಿನ ಜೊಂಡು, ಪೊದೆಗಳನ್ನು ತೆಗೆಸಿ, ದೀಪ ಹಾಕಿಸಿ ಎಂದು ಒತ್ತಾಯಿಸುತ್ತಾರೆ. ನನಗಿದು ಖಂಡಿತ ಒಪ್ಪಿಗೆಯಿಲ್ಲ. ನೇರಳೆ ಜಂಬುಕೋಳಿ ತನ್ನ ನೀಳ ಕಾಲ್ಬೆರಳುಗಳಲ್ಲಿ ಜೊಂಡಿನ ದಂಟನ್ನು ಹಿಡಿದೆತ್ತಿ, ಮೆದುವಾದ ಬುಡವನ್ನು ಕಚ್ಚಿ ತಿನ್ನುವುದನ್ನು ನಿಂತು ನೋಡಿದವರು ಜೊಂಡನ್ನು ಕಳೆ ಎನ್ನಲಾರರು. ಅದು ಮರಿ ಮಾಡುವುದೂ ಅಲ್ಲಿಯೇ. ಒಣಮರವೆಂದು ಕಡಿಯುವುದೂ ತಪ್ಪು. ನೀರುಕಾಗೆ, ಹಾವಕ್ಕಿಗಳು ಒದ್ದೆ ರೆಕ್ಕೆ ಬಿಡಿಸಿ ಕೂರುವುದು ಅಂಥ ಕೊಂಬೆಗಳ ಮೇಲೆ. ಸಂಬಂಧಪಟ್ಟವರು ಪ್ಲಾಸ್ಟಿಕ್ ತೆಗೆಸಲಿ, ಚರಂಡಿ ನೀರು ಕೆರೆ ಸೇರದಂತೆ ನೋಡಿಕೊಳ್ಳಲಿ, ಗೂಡು ಕಟ್ಟುವ ತಿಂಗಳುಗಳಲ್ಲಿ ಡ್ರೋನ್ ಹಾರಿಸಲು ಬಿಡದಿರಲಿ. ಜೊಂಡಿಗೆ ಮಾತ್ರ ಕತ್ತಿ ಹಾಕುವುದು ಬೇಡ.

– ಒಬ್ಬ ಪಕ್ಷಿಪ್ರಿಯ, ಮೈಸೂರು