ಚಿಟ್ಟೆಯ ಕತೆ ಸಾಕು, ಬಡಿತ ಎಣಿಸೋಣ

ಮಾನ್ಯರೇ,

ನಿಯಮಕ್ಕೆ ಬದ್ಧವಾದ ವ್ಯವಸ್ಥೆಯಲ್ಲೂ ಆರಂಭದ ಅತಿ ಸಣ್ಣ ವ್ಯತ್ಯಾಸ ಮುಂದೆ ಭಾರಿಯಾಗಿ ಬೆಳೆಯಬಹುದು ಎನ್ನುವುದೇ ಕೇಯಾಸ್ ಸಿದ್ಧಾಂತ; ಚಿಟ್ಟೆ ರೆಕ್ಕೆ ಬಡಿದರೆ ದೂರದಲ್ಲೆಲ್ಲೋ ಬಿರುಗಾಳಿ ಎನ್ನುವುದು ಅದರ ಹೆಸರಾಂತ ಕತೆ. ಮನಶ್ಶಾಸ್ತ್ರ ಮತ್ತು ಜೀವವಿಜ್ಞಾನದಲ್ಲಿ ಈ ಸಿದ್ಧಾಂತ ಕುರಿತು ಮೈಸೂರು, ಮಂಡ್ಯದ ಕಾಲೇಜುಗಳು ವಿಚಾರ ಸಂಕಿರಣ ಏರ್ಪಡಿಸುವುದಾದರೆ, ಒಂದು ಗೋಷ್ಠಿಯನ್ನಾದರೂ ಕೈಯಾರೆ ಲೆಕ್ಕ ಮಾಡಿಸುವುದಕ್ಕೆ ಮೀಸಲಿಡಬೇಕು.

ಹೃದಯ ಬಡಿತವನ್ನೇ ನೋಡಿ. ಇಸಿಜಿಯನ್ನು ಸೆಕೆಂಡಿಗೆ ಕನಿಷ್ಠ 250 ಬಾರಿ ದಾಖಲಿಸಿ, ಬಡಿತದಿಂದ ಬಡಿತಕ್ಕೆ ಎಷ್ಟು ಮಿಲಿಸೆಕೆಂಡ್ ಎಂದು ಬರೆದುಕೊಳ್ಳಬೇಕು. ಯಂತ್ರ ಒಂದು ಬಡಿತ ತಪ್ಪಿಸಿದರೂ 800 ಇರಬೇಕಾದಲ್ಲಿ 1600 ಬಂದು ಕೂರುತ್ತದೆ. ಈ ಅಂತರಗಳ ಏರಿಳಿತ ಎಷ್ಟು ಊಹೆಗೆ ಸಿಗದಂತಿದೆ ಎಂದು ಅಳೆಯುವುದು ಸ್ಯಾಂಪಲ್ ಎಂಟ್ರೊಪಿ. ಅದರಲ್ಲಿ ಎರಡು ಅಂತರ ‘ಒಂದೇ’ ಎನ್ನುವ ಮಿತಿ ಸಾಮಾನ್ಯವಾಗಿ ಮಾನಕ ವಿಚಲನೆಯ (ಅಂತರಗಳು ಸರಾಸರಿಯಿಂದ ಎಷ್ಟು ಚದುರಿವೆ ಎನ್ನುವ ಅಳತೆ) 0.2 ಪಟ್ಟು. ಇಂಥ ನಾಲ್ಕಾರು ತಪ್ಪು ಸೇರಿದರೆ ವಿಚಲನೆ ಹಿಗ್ಗಿ, ಮಿತಿ ಸಡಿಲವಾಗಿ, ಎಂಟ್ರೊಪಿ ಸುಳ್ಳೇ ಕುಸಿಯುತ್ತದೆ. ಆರೋಗ್ಯವಂತರ ಹೃದಯವೂ ಜಡವೆಂದು ತೋರುತ್ತದೆ. ಬಡಿತಗಳನ್ನು ಕಣ್ಣಿಟ್ಟು ತಿದ್ದದೆ ಬೇರೆ ದಾರಿಯಿಲ್ಲ.

ಐದು ನಿಮಿಷದಲ್ಲಿ ಸಿಗುವುದು ಸುಮಾರು 350 ಬಡಿತ. ಎಂಟ್ರೊಪಿಗೆ ಸಾಕಾದೀತು, ಸಣ್ಣ ವ್ಯತ್ಯಾಸ ಎಷ್ಟು ವೇಗವಾಗಿ ಬೆಳೆಯುತ್ತದೆ ಎಂದು ಅಳೆಯುವ ಲ್ಯಾಪುನೋವ್ ಘಾತಾಂಕಕ್ಕೆ ಸಾಲದು. ದಿನಕ್ಕೆ ಮೂರು ಸಲ ಮನಸ್ಥಿತಿಗೆ ಅಂಕ ಹಾಕಿಸಿದರೆ ತಿಂಗಳಿಗೆ 90 ಬಿಂದು ಅಷ್ಟೇ. ಅದರಲ್ಲಿ ಕೇಯಾಸ್ ಕಂಡೆವೆಂದರೆ ಒಪ್ಪುವುದು ಕಷ್ಟ.

ಬರೀ ಗದ್ದಲವೂ, ಅಂದರೆ ಯಾದೃಚ್ಛಿಕ ಏರಿಳಿತವೂ, ಕೇಯಾಸ್‌ನಂತೆಯೇ ಕಾಣುತ್ತದಲ್ಲ! ಅದಕ್ಕೇ ಬದಲಿ ಸರಣಿ ಪರೀಕ್ಷೆ ಬೇಕು: ಮೂಲ ದಾಖಲೆಯನ್ನು ಬೇರೆ ಬೇರೆ ಆವರ್ತನದ ಅಲೆಗಳಾಗಿ ಬಿಡಿಸಿ, ಅವುಗಳ ಬಲ ಉಳಿಸಿಕೊಂಡು, ಹಂತವನ್ನು (ಪ್ರತಿ ಅಲೆ ಎಲ್ಲಿಂದ ಶುರುವಾಗುತ್ತದೆ ಎನ್ನುವುದನ್ನು) ಮಾತ್ರ ಕಲಸಿದ 39 ಸರಣಿ ತಯಾರಿಸಿ. ಎಂಟ್ರೊಪಿಯಂಥ ಅಳತೆಯಲ್ಲಿ ಮೂಲ ದಾಖಲೆಯ ಬೆಲೆ ಅವೆಲ್ಲದರ ಆಚೆ ಬಿದ್ದರೆ ಸರಳ ರೇಖೀಯ ವಿವರಣೆ ಸಾಲದು ಎನ್ನಬಹುದು. ಅಷ್ಟಕ್ಕೇ ಕೇಯಾಸ್ ಸಾಬೀತಾಗದು.

ಪ್ರಬಂಧಗಳಿಗೆ ಆಹ್ವಾನ ಕೊಡುವಾಗಲೇ ಬಿಂದುಗಳೆಷ್ಟು, ತಿದ್ದಿದ ಬಡಿತಗಳೆಷ್ಟು, ಬದಲಿ ಪರೀಕ್ಷೆಯ ಫಲಿತಾಂಶವೇನು ಎಂದು ಸಂಘಟಕರು ಕಡ್ಡಾಯವಾಗಿ ಕೇಳಲಿ.

– ಮನಶ್ಶಾಸ್ತ್ರ ಮತ್ತು ಗಣಿತ ಅಧ್ಯಾಪಕರು, ಮೈಸೂರು