ಹೊಲದಲ್ಲಿ ಮರ ಬೆಳೆಸುವವರಿಗೆ: ಪ್ರೋತ್ಸಾಹಧನ ಯಾರಿಗೆ ಸಿಗುತ್ತೆ?

ಹೊಳಲ್ಕೆರೆ, ಹೊಸದುರ್ಗ ಕಡೆಯ ರೈತರೆಲ್ಲರಿಗೂ ನಮಸ್ಕಾರ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಗೆ ಸಸಿಯನ್ನು ಅರಣ್ಯ ಇಲಾಖೆ ನರ್ಸರಿಯಿಂದಲೇ ತರಬೇಕು, ಹೆಸರೂ ನೋಂದಾಯಿಸಬೇಕು. ಬದುಕಿದ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿ. ಹೆಕ್ಟೇರಿಗೆ 400 ಸಸಿಯವರೆಗೆ ಮಾತ್ರ.

ಹುಣಸೆ, ಹೊಂಗೆ, ಬೇವು, ಹೆಬ್ಬೇವು ನಡೆಯುತ್ತೆ. ನೀಲಗಿರಿ, ಅಕೇಶಿಯಾ, ಸಿಲ್ವರ್ ಓಕ್, ತೆಂಗು, ಅಡಿಕೆಗೆ ಇಲ್ಲ. ನಮ್ಮ ಕಡೆ ಅಡಿಕೆ ಆಸೆ ಜಾಸ್ತಿ ಅಲ್ವಾ, ಅದಕ್ಕೇ ಮೊದಲೇ ಹೇಳಿದ್ದು.

ಒಣಗಿದ ಸಸಿಗೆ ದುಡ್ಡಿಲ್ಲ. ನೆಟ್ಟು ಸುಮ್ನೆ ಬಿಡಬೇಡಿ. ಬುಡಕ್ಕೆ ಸೊಪ್ಪು ಹೊದಿಸಿ, ಮೇಕೆ ಬಾಯಿ ಹಾಕದಂತೆ ಸುತ್ತ ಮುಳ್ಳು ಕಟ್ಟಿ.

ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್ ಹಿಡಿದು ಮುಂಗಾರಿಗೆ ಮುಂಚೆಯೇ ವಲಯ ಅರಣ್ಯ ಕಚೇರಿಗೆ ಹೋಗಿ ಬನ್ನಿ.