ಸೂರ್ಯನ ಕಡೆ ತಿರುಗಿಸುವ ಮುಂಚೆ

ಸಿಂಧನೂರು
ಭಾನುವಾರ ರಾತ್ರಿ

ಚಿ. ಸುಮಾಳಿಗೆ ಅಪ್ಪನ ಆಶೀರ್ವಾದಗಳು.

ಟೆಲಿಸ್ಕೋಪನ್ನು ಡಬ್ಬಿಗೆ ಹಾಕಿ ಕಟ್ಟಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಧಾರವಾಡದ ಬಸ್ಸಿಗೆ ಹಾಕುತ್ತೇನೆ. ಆದರೆ ಅದರಲ್ಲಿ ‘ಸನ್’ ಅಂತ ಬರೆದಿದ್ದ ಆ ಕಪ್ಪು ಗಾಜಿನ ಬಿಲ್ಲೆಯನ್ನು ಹುಡುಕಬೇಡ. ಸುತ್ತಿಗೆ ತಗೊಂಡು ಒಡೆದು ಹಾಕಿದ್ದೇನೆ. ಅದನ್ನು ಹಾಕಿ ಸೂರ್ಯನನ್ನು ನೋಡಬೇಡ ಅಂದದ್ದಕ್ಕೆ ನಿನ್ನೆ ಫೋನಿನಲ್ಲಿ ನೀನು, "ಅಪ್ಪಾ, ನೀನೂ ಅಜ್ಜಿ ಹಂಗ ಆಗಾಕತ್ತಿ" ಅಂದೆ. ನಾನು ಫೋನ್ ಇಟ್ಟುಬಿಟ್ಟೆ. ಕೋಪಕ್ಕೆ ಇಟ್ಟದ್ದಲ್ಲವ್ವಾ, ಮಾತು ಹೊರಡಲಿಲ್ಲ. ಬೇಜಾರಾಗಿದ್ದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.

ಆ ಬಿಲ್ಲೆಯನ್ನು ಐಪೀಸಿಗೆ ತಿರುಪಿ ಕೂಡಿಸುವುದು, ಕಣ್ಣಿಡುವ ತುದಿಗೆ. ಮುಂದಿನ 70 ಮಿಲಿಮೀಟರ್ ಮಸೂರ ಹಿಡಿದ ಬಿಸಿಲೆಲ್ಲ ಕೊಳವೆಯೊಳಗೆ ಹಾಯ್ದು ಅದೇ ಬಿಲ್ಲೆಯ ಹತ್ತಿರ ಒಟ್ಟಾಗುತ್ತದೆ. ಕಾದ ಗಾಜು ಯಾವ ಗಳಿಗೆಯಲ್ಲಾದರೂ ಸೀಳಬಹುದು, ಸೀಳಿದಾಗ ನಿನ್ನ ಕಣ್ಣು ಅದರ ಹಿಂದೆಯೇ ಇರುತ್ತದೆ. ಹಗಲಲ್ಲಿ ಪಾಪೆ ಎರಡು ಮೂರು ಮಿಲಿಮೀಟರಿಗೆ ಕುಗ್ಗಿರುತ್ತದೆ, ಆ ಮಸೂರ ಅದರ ನೂರಾರು ಪಟ್ಟು ಬೆಳಕು ಎಳೆದುಕೊಳ್ಳುತ್ತದೆ. ಅಕ್ಷಿಪಟಲಕ್ಕೆ ನೋವು ತಿಳಿಸುವ ನರಗಳಿಲ್ಲ. ಸುಟ್ಟರೂ ಆ ಹೊತ್ತಿಗೆ ಗೊತ್ತಾಗುವುದಿಲ್ಲ. ಫಿಸಿಕ್ಸ್ ಓದುವವಳಿಗೆ ಇದನ್ನೆಲ್ಲ ಹೇಳಬೇಕಾ ಅಂತೀ. ಹೇಳಲೇಬೇಕು.

ಅಜ್ಜಿಯ ಮಾತಿಗೆ ಬರುತ್ತೇನೆ. 1980ರ ಫೆಬ್ರುವರಿ 16, ಶನಿವಾರ. ಕಾರವಾರದ ಕಡೆಯಿಂದ ಬಂದ ಚಂದ್ರನ ನೆರಳು ಹುಬ್ಬಳ್ಳಿ ದಾಟಿ ನಮ್ಮ ರಾಯಚೂರು ಜಿಲ್ಲೆಯ ಮೇಲೆ ಹಾಯ್ದು ಪುರಿಯ ಕಡೆ ಹೋಯಿತು. ಖಗ್ರಾಸ ಗ್ರಹಣ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಇಲ್ಲೇ ನಮ್ಮ ಜವಳಗೇರಾಕ್ಕೆ ಬಂದು ಕ್ಯಾಂಪು ಹಾಕಿದ್ದರು. ನನಗೆ ಏಳು ವರ್ಷ. ಅವ್ವ ನಮ್ಮನ್ನೆಲ್ಲ ಒಳಗೆ ಕೂಡಿಹಾಕಿ ಅಗಳಿ ಹಾಕಿದಳು. ತಾಟಿನ ನೀರಿನಲ್ಲಿ ಒನಕೆ ನಿಲ್ಲಿಸಿದಳು, ಹಾಲು ಮೊಸರಿನ ಮೇಲೆ ದರ್ಭೆ ಇಟ್ಟಳು, ಬೆಳಕಿಂಡಿಗೆ ಗೋಣಿಚೀಲ ತುರುಕಿಸಿದಳು.

ಆ ಚೀಲದಲ್ಲೊಂದು ತೂತಿತ್ತು. ಅದರಿಂದ ಗೋಡೆಯ ಮೇಲೆ ಒಂದು ದುಂಡನೆಯ ಬೆಳಕು ಬಿದ್ದಿತ್ತು. ನೋಡನೋಡುತ್ತ ಅದು ಕಡಿದ ರೊಟ್ಟಿಯ ಹಾಗೆ ಒಂದು ಮಗ್ಗುಲಿಗೆ ಕರಗತೊಡಗಿತು. ಆಮೇಲೆ ಉಗುರಿನಷ್ಟು, ಆಮೇಲೆ ಗೆರೆ, ಆಮೇಲೆ ಏನೂ ಇಲ್ಲ. ಮಧ್ಯಾಹ್ನ ಮೂರೂವರೆ ದಾಟಿತ್ತಷ್ಟೆ. ಮನೆಯೊಳಗೆ ಕತ್ತಲು, ಹೊರಗೆ ಹಕ್ಕಿಗಳ ಸದ್ದಿಲ್ಲ, ಹಟ್ಟಿಯಲ್ಲಿ ಎತ್ತು ಒದರಿತು. ಎರಡು ನಿಮಿಷಕ್ಕೂ ಮಿಕ್ಕಿ ಹಾಗೇ ಇತ್ತು. ಮತ್ತೆ ಗೋಡೆಯ ಮೇಲೆ ಗೆರೆ ಮೂಡಿತು. ಸಣ್ಣ ತೂತು ಸೂರ್ಯನ ಬಿಂಬವನ್ನೇ ಗೋಡೆಗೆ ಎಸೆಯುತ್ತದೆ ಅಂತ ಹೈಸ್ಕೂಲಿನಲ್ಲಿ ಓದಿದಾಗ ಪುಸ್ತಕ ಮುಚ್ಚಿ ಸುಮ್ಮನೆ ಕೂತಿದ್ದೆ. ನಾನು ಗ್ರಹಣ ನೋಡಿದ್ದೆ, ಸುಮಾ. ಕೂಡಿಹಾಕಿದರೂ ನೋಡಿದ್ದೆ.

ಆದರೆ ಆ ಕತ್ತಲಲ್ಲಿ ಹೊರಗೆ ಹೊಳೆದ ಕರೋನಾವನ್ನು, ಸೂರ್ಯನ ಸುತ್ತಲಿನ ಆ ಬಿಳಿ ಪ್ರಭೆಯನ್ನು ನೋಡಲಿಲ್ಲ. ಅದು ಇವತ್ತಿಗೂ ಹೊಟ್ಟೆ ಸುಡುತ್ತದೆ. ಜವಳಗೇರಾದ ಕ್ಯಾಂಪಿಗೆ ಎಲ್ಲೆಲ್ಲಿಂದಲೋ ಸಾಮಾನು ಹೊತ್ತು ಬಂದರು, ನಾನು ಅಲ್ಲೇ ಹತ್ತಿರದ ಹಳ್ಳಿಯಲ್ಲಿ ಗೋಡೆ ನೋಡುತ್ತ ಕೂತಿದ್ದೆ. ಹೀಗಂದರೂ ಅಜ್ಜಿಯನ್ನು ಆಡಿಕೊಳ್ಳಬೇಡ. ಒನಕೆ, ದರ್ಭೆ ಬಿಡು. ಕಣ್ಣಿನ ಬಗ್ಗೆ ಅವಳ ಹೆದರಿಕೆ ಖರೇನೇ ಇತ್ತು.

ಎದುರು ಮನೆಯ ಹುಡುಗ ಅವತ್ತು ಕಣ್ಣು ತಪ್ಪಿಸಿ ಹೊಲಕ್ಕೆ ಓಡಿದ್ದ. ಪೂರ್ತಿ ಮುಚ್ಚಿದ ಆ ಎರಡು ನಿಮಿಷ ಬರಿಗಣ್ಣಿಗೆ ಅಪಾಯವಿಲ್ಲ. ಅವನು ಅದಕ್ಕೂ ಮುಂಚಿನಿಂದಲೇ, ಸೂರ್ಯ ಇನ್ನೂ ಅರ್ಧ ಉಳಿದಾಗಿನಿಂದ ನೋಡುತ್ತ ನಿಂತಿದ್ದ. ಸಂಜೆ ನಗುನಗುತ್ತಲೇ ಮನೆಗೆ ಬಂದ. ಮಾರನೆಯ ದಿನ ಎದುರಿಗಿದ್ದವರ ಮುಖ ಕಾಣುತ್ತಿಲ್ಲ ಅಂದ. ಸುತ್ತಲಿನದು ಕಾಣುತ್ತದೆ, ನೇರ ನೋಡಿದ್ದು ಕಾಣುವುದಿಲ್ಲ. ಶಾಲೆ ಬಿಟ್ಟ. ದೊಡ್ಡವನಾಗಿ ಹತ್ತಿ ಬಿಡಿಸುವಾಗ ಗಿಡವನ್ನು ಓರೆಯಾಗಿ ನೋಡುತ್ತಿದ್ದ. ಅವನ ಜೊತೆ ಆ ಸಾಲಿನಲ್ಲಿ ನಾನೂ ಹತ್ತಿ ಬಿಡಿಸಿದ್ದೇನೆ. ನೀನು "ಸೂರ್ಯನ ಕಲೆ ಫೋಟೋ ತೆಗೀತೀನಿ" ಅಂದ ಕೂಡಲೇ ನನಗೆ ಕಂಡದ್ದು ಅವನ ಆ ಓರೆಗತ್ತು. ನಾನೇನು ಮಾಡಲಿ?

ಸೂರ್ಯನನ್ನು ನೋಡಬೇಡ ಅನ್ನುತ್ತಿಲ್ಲ. ನೋಡು. ಫಿಲ್ಟರ್ ಮಾತ್ರ ಕೊಳವೆಯ ಮುಂದಿನ ಬಾಯಿಗೇ ಇರಬೇಕು, ಬಿಸಿಲು ಒಳಗೆ ಹೋಗುವ ಮುಂಚೆಯೇ ತಡೆಯುವ ಹಾಗೆ. ಬಾಡರ್ ಕಂಪನಿಯ ಆಸ್ಟ್ರೋಸೋಲಾರ್ ಫಿಲ್ಮ್ ಸಿಗುತ್ತದೆ. ಕಣ್ಣಿನಿಂದ ನೋಡಲು ಅದರ 5.0 ಸಾಂದ್ರತೆಯದ್ದನ್ನೇ ತಗೋ, ಬೆಳಕಿನ ಲಕ್ಷದಲ್ಲೊಂದು ಪಾಲನ್ನು ಮಾತ್ರ ಬಿಡುತ್ತದೆ. 3.8ರದ್ದು ಬರೀ ಫೋಟೋಕ್ಕೆ, ಅದಕ್ಕೆ ಕಣ್ಣಿಡಬಾರದು. ಗಾಳಿಗೆ ಹಾರದಂತೆ ಟೇಪು ಸುತ್ತು. ಗುರಿ ಹಿಡಿಯಲು ಕೊಳವೆಯ ಮೇಲಿರುವ ಸಣ್ಣ ದುರ್ಬೀನು, ಆ ಫೈಂಡರಿಗೂ ಮುಚ್ಚಳ ಹಾಕು, ಎಲ್ಲರೂ ಮರೆಯುವುದು ಅದನ್ನೇ. ಮೊಬೈಲನ್ನೂ ಫಿಲ್ಟರಿಲ್ಲದೆ ಹಿಡಿಯಬೇಡ, ಸೆನ್ಸಾರ್ ಸುಡುತ್ತದೆ. ಹಾಸ್ಟೆಲಿನ ಹುಡುಗಿಯರು ಗುಂಪುಗೂಡಿದಾಗ ಟೆಲಿಸ್ಕೋಪ್ ಬಿಟ್ಟು ನೀರು ಕುಡಿಯಲಿಕ್ಕೂ ಹೋಗಬೇಡ, ಯಾರೋ ಫಿಲ್ಟರ್ ತೆಗೆದು ಇಣುಕುತ್ತಾರೆ.

ಇನ್ನು ದೊಡ್ಡ ಕ್ಯಾಮೆರಾ ಬೇಕು ಅಂದೆಯಲ್ಲ. ಈಗ ಬೇಡ. ಆ ಸ್ಟ್ಯಾಂಡು ತಡೆಯುವುದಿಲ್ಲ. ಮೊದಲು ಚಂದ್ರ. 25 ಮಿಲಿಮೀಟರ್ ಐಪೀಸ್ ಹಾಕಿದರೆ 28 ಪಟ್ಟು, ಚಂದ್ರ ಇಡಿಯಾಗಿ ಹಿಡಿಯುತ್ತಾನೆ. ಹುಣ್ಣಿಮೆಯಂದು ತೆಗೆಯಬೇಡ, ನೆರಳಿಲ್ಲದೆ ಚಪ್ಪಟೆ ಕಾಣುತ್ತದೆ. ಶುಕ್ಲ ಅಷ್ಟಮಿಯ ಆಸುಪಾಸು ಬೆಳಕು ಕತ್ತಲು ಕೂಡುವ ಗೆರೆಯಲ್ಲಿ ಗುಂಡಿಗಳು ಎದ್ದು ನಿಲ್ಲುತ್ತವೆ. ಹೋಲ್ಡರಿನಲ್ಲಿ ಮೊಬೈಲ್ ಬಿಗಿದು, ಬ್ರೈಟ್‌ನೆಸ್ ಇಳಿಸಿ, ಮೂರು ಸೆಕೆಂಡಿನ ಟೈಮರ್ ಇಟ್ಟು ಕೈ ತೆಗಿ. ಗುರುಗ್ರಹಕ್ಕೆ ಫೋಟೋ ಬೇಡ, ವಿಡಿಯೋ ತೆಗಿ. ಅದರಲ್ಲಿ ಚೆನ್ನಾಗಿ ಬಂದ ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಲು ಆಟೋಸ್ಟಾಕರ್ಟ್ ಅಂತ ಉಚಿತ ಸಾಫ್ಟ್‌ವೇರ್ ಇದೆ. ನೀಹಾರಿಕೆಯ ಆಸೆ ಸದ್ಯಕ್ಕೆ ಬಿಡು, ಅದರ ಮಂದ ಬೆಳಕಿಗೆ ಬಹಳ ಹೊತ್ತು ಒಂದೇ ಕಡೆ ಹಿಡಿದಿರಬೇಕು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, 10 ಮಿಲಿಮೀಟರ್ ಐಪೀಸಿನಲ್ಲಿ ನಕ್ಷತ್ರ ಮೂರು ನಿಮಿಷವೂ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಮಾಳಿಗೆ ಬೇಡ, ಕಾಂಕ್ರೀಟು ಅರ್ಧ ರಾತ್ರಿಯತನಕ ಬಿಸಿ ಉಗುಳುತ್ತದೆ, ಬಿಂಬ ಕುದಿಯುತ್ತದೆ. ಮಣ್ಣಿನ ಬಯಲು ಒಳ್ಳೆಯದು. ಆದರೆ ರಾತ್ರಿ ಒಬ್ಬಳೇ ಬಯಲಿಗೆ ಹೋಗಬೇಡ. ಬೂಟು ಹಾಕು, ಟಾರ್ಚ್ ಹಿಡಿ, ವಾರ್ಡನ್ ಮೇಡಂಗೆ ಹೇಳಿ ಹೋಗು.

ಪಾಠ ಶುರುವಾಯಿತು ಅಂತ ನಗುತ್ತಿರಬೇಕು ನೀನು. 2020ರ ಡಿಸೆಂಬರಿನಲ್ಲಿ ಗುರು-ಶನಿ ಕೂಡಿದ ಸಂಜೆ ನಮ್ಮ ಮಾಳಿಗೆಯ ಮೇಲೆ ನಡೆದದ್ದು ಇಬ್ಬರಿಗೂ ಗೊತ್ತು, ಬರೆಯುವುದಿಲ್ಲ. ಇಲ್ಲಿ ಯಾರೇ ಕೇಳಿದರೂ "ನನ್ನ ಮಗಳು ಆಕಾಶ ಓದಾಕತ್ಯಾಳ" ಅನ್ನುತ್ತೇನೆ. ನಿಮ್ಮಮ್ಮನಿಗೆ ಕೇಳಿ ಕೇಳಿ ಸಾಕಾಗಿದೆ.

2034ರ ಮಾರ್ಚ್ 20ರಂದು ಲಡಾಖಿನಲ್ಲಿ ಖಗ್ರಾಸ ಗ್ರಹಣವಿದೆ. ನನಗೆ ಅರವತ್ತು ದಾಟಿರುತ್ತದೆ. ಕರೆದುಕೊಂಡು ಹೋಗುತ್ತೀಯಾ? ಈಗಲೇ ಹೂಂ ಅನ್ನಬೇಕಾಗಿಲ್ಲ.

ಫಿಲ್ಮಿಗೆ ನಿನ್ನ ಖಾತೆಗೆ ದುಡ್ಡು ಹಾಕಿದ್ದೇನೆ. ಬಂದ ಮೇಲೆ ಟಾರ್ಚಿನ ಮುಂದೆ ಹಿಡಿದು ಸೂಜಿಮೊನೆಯಷ್ಟು ತೂತೂ ಇಲ್ಲ ಅಂತ ನೋಡಿಕೋ. ಕೊಳವೆಗೆ ಕೂಡಿಸಿ, ಫೈಂಡರಿನ ಮುಚ್ಚಳವೂ ಕಾಣುವ ಹಾಗೆ ಒಂದು ಫೋಟೋ ತೆಗೆದು ನನಗೆ ಕಳಿಸು. ನಾನು ಸರಿ ಅಂದ ಮೇಲೇ ಸೂರ್ಯನ ಕಡೆ ತಿರುಗಿಸು.

ಇಂತಿ,
ನಿನ್ನ ಅಪ್ಪ